ಗಾಡಿ ನಿಂತಾಗ ಮಾತ್ರ ಪ್ರಶ್ನೆ

ಸ್ಮಶಾನದ ಗೇಟಿನ ಮುಂದೆ ಶವವಾಹನ ಬಂದು ನಿಂತಿತು. ನಾವು ಮೂವತ್ತು ಮೂವತ್ತೈದು ಜನ ತಲೆ ತಗ್ಗಿಸಿ ಕಾಯುತ್ತಿದ್ದೆವು. ತೀರಿಕೊಂಡವರು ನಮ್ಮ ಬೀದಿಯ ಹಿರಿಯರು, ಎಂಬತ್ತು ದಾಟಿದ ಮರ್ಯಾದಸ್ಥರು. ಅಳು ಬಂದವರು ಅಳುತ್ತಿದ್ದರು, ಬಾರದವರು ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಚಾಲಕರು ಇಳಿದು ಹಿಂದಕ್ಕೆ ಬಂದು ಬಾಗಿಲು ತೆರೆದರು. ಒಳಗೆ ಒಬ್ಬರೇ ಮಲಗಿದ್ದ ಆ ಹಿರಿಯರಿಗೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

“ಒಬ್ಬೊಬ್ಬರಾಗಿ ಇಳೀರಪ್ಪ, ತಳ್ಳಾಡಬೇಡಿ. ನೀರಿನ ಬಾಟ್ಲಿ ಮರೀಬೇಡಿ.”

ಆಡಿದ್ದು ತಮ್ಮ ಕಿವಿಗೇ ಬಿದ್ದ ಮೇಲೆ ಅವರು ಬಾಗಿಲಿನ ಹಿಡಿಯನ್ನು ಹಿಡಿದುಕೊಂಡೇ ನಿಂತರು. ಬಿಟ್ಟರೆ ತಾವೂ ಬಿದ್ದುಹೋಗಬಹುದು ಅನ್ನುವ ಹಾಗೆ. ತೀರಿಕೊಂಡವರ ಮಗ ಅವತ್ತೂ ಟೈ ಕಟ್ಟಿಕೊಂಡೇ ಬಂದಿದ್ದರು. ಅವರು ತಲೆ ಎತ್ತಿ ನೋಡಿದ ನೋಟಕ್ಕೆ ಗಾಡಿಯ ಬಣ್ಣ ಸುಲಿದು ಬರಬೇಕಿತ್ತು. ನನಗೆ ಮಾತ್ರ ಆ ದನಿ ಎಲ್ಲಿಂದ ಬಂತೆಂದು ಗೊತ್ತಿತ್ತು. ದಿನಾ ಬೆಳಗ್ಗೆ ಏಳೂಮುಕ್ಕಾಲಿಗೆ ನಮ್ಮ ಮನೆ ಮುಂದೆ ಎರಡು ಸಲ ಹಾರ್ನ್ ಹೊಡೆದು, ನನ್ನ ಮಗಳನ್ನು ಶಾಲೆಯ ವ್ಯಾನಿಗೆ ಹತ್ತಿಸಿಕೊಂಡು ಹೋಗುವ ದನಿ ಅದು. ನಾನು ಕರವಸ್ತ್ರವನ್ನು ಬಾಯಿಗೆ ಒತ್ತಿ ಹಿಡಿದೆ. ಭುಜ ಕುಲುಕುವುದನ್ನು ಕಂಡು ಪಕ್ಕದ ಮನೆಯಾಕೆ, “ಸಮಾಧಾನ ಮಾಡ್ಕೊಳ್ಳಿ, ದೊಡ್ಡ ಜೀವ” ಎಂದು ನನ್ನ ಬೆನ್ನು ಸವರಿದರು.

ಆ ಚಾಲಕರಿಗೆ ನಮ್ಮ ಬೀದಿಯಲ್ಲಿ ನಿಧಾನಪ್ಪ ಎಂದೇ ಹೆಸರು. ಸೈಕಲ್ಲಿನವರೂ ಹಿಂದೆ ಹಾಕಿ ಹೋಗುವಷ್ಟು ನಿಧಾನ. ಬೆಳಗ್ಗೆ ಒಂಬತ್ತರವರೆಗೆ ಶಾಲೆಯ ಹಳದಿ ವ್ಯಾನು, ಹತ್ತರಿಂದ ಸಂಜೆಯವರೆಗೆ ನಗರಸಭೆಯ ಬಿಳಿ ಗಾಡಿ. ನಿಧಾನಕ್ಕೂ ನಿಧನಕ್ಕೂ ನಡುವೆ ಒಂದು ದೀರ್ಘ ಅಷ್ಟೇ. ಆ ದೀರ್ಘದ ಎರಡೂ ಕಡೆ ಓಡಾಡುವ ಮನುಷ್ಯ ನಮ್ಮೂರಿನಲ್ಲಿ ಇವರೊಬ್ಬರೇ.

ಮರುದಿನ ಬೆಳಗ್ಗೆ ಅವರು ನನ್ನ ಮುಖ ನೋಡಲಿಲ್ಲ. ಸ್ಟೇರಿಂಗಿಗೇ ಹೇಳಿದರು.

“ಎರಡರಲ್ಲೂ ಹಿಂದಿನ ಬಾಗಿಲು ಒಂದೇ ಥರ ತೆಗೀಬೇಕು, ಮೇಡಂ. ಕೈ ಹಿಡಿ ತಿರುಗಿಸಿದ ತಕ್ಷಣ ಬಾಯಿ ಶುರು ಮಾಡಿಬಿಡುತ್ತೆ.”

“ಹೋಗ್ಲಿ ಬಿಡಿ. ಅವರೇನೂ ತಳ್ಳಾಡಲಿಲ್ಲವಲ್ಲ.”

ಅವರು ನಗಲಿಲ್ಲ. “ಆ ಟೈ ಕಟ್ಟೋ ಸಾಹೇಬ್ರ ಮಗ ನನ್ನ ವ್ಯಾನಲ್ಲೇ ಬರ್ತಾನೆ” ಎಂದರು. ನಮ್ಮ ಬಹುಪಾಲು ಪೋಷಕರಿಗೆ ನಿಧಾನಪ್ಪ ಹತ್ತರ ನಂತರ ‘ನಗರಸಭೆಯ ಯಾವುದೋ ಗಾಡಿ’ ಓಡಿಸುತ್ತಾರೆ ಎಂದಷ್ಟೇ ಗೊತ್ತಿತ್ತು. ಟೈ ಅಪ್ಪನಿಗೆ ಈಗ ಯಾವ ಗಾಡಿ ಎಂದು ಗೊತ್ತಾಗಿತ್ತು. ಆದರೂ ಅವರು ಬಾಯಿ ಬಿಡಲಿಲ್ಲ. ದೂರು ಕೊಟ್ಟರೆ ಅಪ್ಪ ತೀರಿಕೊಂಡ ವಿಷಯ ಮಗನ ಕಿವಿಗೆ ಬೀಳುತ್ತದೆ. ಆರು ವರ್ಷದ ಆ ಮಗ ಗುಂಡನಿಗೆ ಅವರು, ಅಜ್ಜ ವಿಮಾನ ಹತ್ತಿ ದೂರದ ದೇಶಕ್ಕೆ ಹೋಗಿದ್ದಾರೆ ಎಂದು ಹೇಳಿದ್ದರು.

ಅವರನ್ನು ಆಡಿಕೊಳ್ಳುವ ಬಾಯಿ ನನಗೂ ಇರಲಿಲ್ಲ. ಆವತ್ತು ನಾನೂ ನನ್ನ ಮಗಳಿಗೆ ಮದುವೆಗೆ ಹೋಗಿ ಬರ್ತೀನಿ ಎಂದು ಹೇಳಿ ಹೋಗಿದ್ದೆ. ಬಂದ ಮೇಲೆ ಅವಳು, “ಹೆಣ್ಣು ಹೇಗಿದ್ಳು? ಊಟಕ್ಕೆ ಏನಿತ್ತು? ಕಣ್ಣು ಯಾಕೆ ಕೆಂಪಗಿದೆ?” ಎಂದು ಅಡ್ಡ ಸವಾಲು ಹಾಕಿದಾಗ, ಇಲ್ಲದ ಮದುವೆಗೆ ಒಲೆ ಹೂಡಿ, ಕಣ್ಣು ಕೆಂಪಾಗುವಷ್ಟು ಹೊಗೆ ಎಬ್ಬಿಸಿ, ಅಡುಗೆಯನ್ನೂ ಮಾಡಿಸಬೇಕಾಯಿತು.

ನಿಧಾನಪ್ಪನವರ ವ್ಯಾನಿನಲ್ಲಿ ಎಂಟು ಮಕ್ಕಳು, ಒಂದೇ ಕಾನೂನು. ಗಾಡಿ ಓಡುವಾಗ ಡ್ರೈವರ್ ಮಾಮನನ್ನು ಏನೂ ಕೇಳುವ ಹಾಗಿಲ್ಲ. ಗಾಡಿ ನಿಂತಾಗ ಮಾತ್ರ ಪ್ರಶ್ನೆ. ಸಿಗ್ನಲ್ ಕೆಂಪಾದರೆ ಒಬ್ಬರು ಕೇಳಬಹುದು, ಹಸಿರಾದರೆ ಬಾಯಿ ಮುಚ್ಚಬೇಕು. ಹೀಗಾಗಿ ಲೋಕದಲ್ಲಿ ಕೆಂಪು ದೀಪಕ್ಕಾಗಿ ಹರಸಿಕೊಳ್ಳುವ ಪ್ರಯಾಣಿಕರು ಇವರು ಮಾತ್ರ. ಇನ್ನೊಂದು ಕಾನೂನು ಮಾಮ ತಮಗೇ ಹಾಕಿಕೊಂಡದ್ದು. “ಗಾಡಿ ಬಿಡೋನು ಬುರುಡೆ ಬಿಡಬಾರದು” ಎನ್ನುತ್ತಿದ್ದರು.

ಈ ಎರಡನೆಯ ಕಾನೂನಿನಿಂದಲೇ ಎಡವಟ್ಟಾಯಿತು. ನನ್ನ ಮಗಳು ಪುಟ್ಟಿಗೆ ಆರು ವರ್ಷ. ಶಾಲೆಯ ರಿಜಿಸ್ಟರಿನಲ್ಲಿ ಉದ್ದನೆಯ ಹೆಸರೊಂದಿದೆ, ಅದು ಬೈಯುವಾಗ ಮಾತ್ರ ಉಪಯೋಗಕ್ಕೆ. ಒಂದು ದಿನ ಕೆಂಪು ದೀಪ ಬಿದ್ದಾಗ ಅವಳ ಸರದಿ.

“ಮಾಮ, ನಿಮ್ಮ ಗೊಂಚಲಲ್ಲಿ ಎರಡು ಬೀಗದಕೈ ಇದೆಯಲ್ಲ, ಇನ್ನೊಂದು ಯಾವುದರದ್ದು?”

“ಸತ್ತವರನ್ನ ಕರ್ಕೊಂಡು ಹೋಗೋ ಗಾಡಿದು.”

ಅಷ್ಟೇ. ಆಮೇಲಿನ ಎಲ್ಲ ಕೆಂಪು ದೀಪಗಳೂ ಅದೇ ಗಾಡಿಯ ಪಾಲಾದವು.

“ಅವರು ಬೆಲ್ಟ್ ಹಾಕ್ಕೋತಾರಾ?”

“ನಾನೇ ಕಟ್ತೀನಿ. ಎರಡು ಕಡೆ.”

“ತಿರುವಲ್ಲಿ ವಾಂತಿ ಬರುತ್ತಾ?”

“ಇಲ್ಲಿವರೆಗೆ ಯಾರೂ ಹೇಳಿಲ್ಲ.”

“ಕಿಟಕಿ ಪಕ್ಕ ಕೂರೋಕೆ ಜಗಳ ಆಡ್ತಾರಾ?”

“ಇಲ್ಲ. ಆ ವಿಷಯದಲ್ಲಿ ಅವರು ನಿಮಗಿಂತ ಮೇಲು.”

“ದೇವರ ಹತ್ರ ಹೋಗೋದು ಒಳ್ಳೇದು ತಾನೆ, ಮತ್ತೆ ಎಲ್ಲಾರೂ ಯಾಕೆ ಅಳ್ತಾರೆ?”

“ಮೊದಲನೇ ದಿನ ಶಾಲೆಗೆ ಬರುವಾಗ ನೀವೆಲ್ಲ ಅಳಲಿಲ್ವಾ?”

“ಅದು ಹೋಗೋರು ಅತ್ತಿದ್ದು. ಇಲ್ಲಿ ಹೋಗೋರು ಸುಮ್ನಿರ್ತಾರೆ, ಬಿಡೋಕೆ ಬಂದೋರು ಅಳ್ತಾರಲ್ಲ.”

ಪುಣ್ಯಕ್ಕೆ ದೀಪ ಹಸಿರಾಯಿತು.

ಗುಂಡನ ಪ್ರಶ್ನೆ ಮಾತ್ರ ದಿನವೂ ಒಂದೇ. “ದೂರದ ದೇಶದಿಂದ ವಿಮಾನ ಬರೋಕೆ ಎಷ್ಟು ದಿನ ಬೇಕು? ನಮ್ಮಜ್ಜ ಕನ್ನಡಕ ಮನೇಲೇ ಬಿಟ್ಟು ಹೋಗಿದ್ದಾರೆ. ಅಲ್ಲಿ ಪೇಪರ್ ಹೇಗೆ ಓದ್ತಾರೆ?” ನಿಧಾನಪ್ಪ ಕನ್ನಡಿಯಲ್ಲಿ ಅವನ ಮುಖ ನೋಡಿ, “ಅದನ್ನ ನಿಮ್ಮಪ್ಪನ್ನ ಕೇಳು ಕಂದ. ನನ್ನ ಗಾಡಿ ಅಷ್ಟು ದೂರ ಹೋಗಲ್ಲ” ಎನ್ನುತ್ತಿದ್ದರು. ಆಕಾಶದಲ್ಲಿ ವಿಮಾನದ ಸದ್ದಾದರೆ ಹುಡುಗ ಕಿಟಕಿಯಿಂದ ಕತ್ತು ಹೊರಗೆ ಹಾಕುತ್ತಿದ್ದ. ಮಾಮ ಆಗ ಇನ್ನೂ ನಿಧಾನ ಮಾಡುತ್ತಿದ್ದರು. ಅದಕ್ಕಿಂತ ನಿಧಾನ ಮಾಡಿದರೆ ಗಾಡಿ ಹಿಂದಕ್ಕೆ ಹೋಗಬೇಕು.

ಹೀಗೇ ಮೂರು ವಾರ ಕಳೆಯಿತು. ಒಂದು ಸೋಮವಾರ ಪುಟ್ಟಿ ಕೇಳಿದಳು: “ಇವತ್ತು ಆ ಗಾಡೀಲಿ ಯಾರು ಬರ್ತಾರೆ?”

“ಒಬ್ರು ತಾತ. ಆಸ್ಪತ್ರೆಯಿಂದ. ಬಡವರು. ಯಾರೂ ಇಲ್ಲ ಅವರಿಗೆ.”

“ಯಾರೂ ಅಂದ್ರೆ?”

“ಯಾರೂ ಅಂದ್ರೆ ಯಾರೂ. ಹೆಸರೇನು ಅಂತ ಹೇಳೋಕೂ ಒಬ್ರಿಲ್ಲ.”

ಮುಂದಿನ ಸಿಗ್ನಲ್ಲೂ ಕೆಂಪಾಯಿತು. ಅಲ್ಲಿ ಪುಟ್ಟಿಯದೇ ಮತ್ತೆ ಪ್ರಶ್ನೆ, ಉಳಿದವರು ತಮ್ಮ ಸರದಿ ಬಿಟ್ಟುಕೊಟ್ಟಿದ್ದರು.

“ಹೆಸರಿಲ್ದಿದ್ರೆ ದೇವರು ಅಟೆಂಡೆನ್ಸ್ ಹೇಗೆ ತಗೋತಾರೆ?”

“ಗೊತ್ತಿಲ್ಲ ಪುಟ್ಟಿ.”

“ಪಾಪ, ಅವರು ಬಂದು ಕೂತಿದ್ರೂ ಆಬ್ಸೆಂಟ್ ಹಾಕಿಬಿಟ್ರೆ?”

ದೀಪ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆದರು. ನಿಧಾನಪ್ಪ ಗಾಡಿ ಬಿಡಲು ಮರೆತು ಕೂತಿದ್ದರು.

ಶಾಲೆಯ ಗೇಟಿನಲ್ಲಿ ಇಳಿದ ಪುಟ್ಟಿ ಚೀಲದಿಂದ ಹೊಸ ನೋಟ್‌ಬುಕ್ ತೆಗೆದು, ಅದರ ಮೇಲಿನ ಲೇಬಲ್ಲನ್ನು ಉಗುರಿನಿಂದ ಎಬ್ಬಿಸಿ ಮಾಮನ ಅಂಗೈಗೆ ಅಂಟಿಸಿದಳು. ಶಾಲೆಯ ಹೆಸರು ಅಚ್ಚಾದ ಲೇಬಲ್ಲು. ಅದರ ಮೇಲೆ ಅವಳ ವಕ್ರ ಅಕ್ಷರಗಳಲ್ಲಿ ಅವಳದೇ ಉದ್ದನೆಯ ಹೆಸರು, ಒಂದನೇ ಕ್ಲಾಸು, ಬಿ ಸೆಕ್ಷನ್, ರೋಲ್ ನಂಬರ್ ಹದಿನೇಳು.

“ಇದನ್ನ ಆ ತಾತಂಗೆ ಕೊಟ್ಬಿಡಿ. ಎರಡಿದ್ದೋರು ಇಲ್ದೋರಿಗೆ ಒಂದು ಕೊಡಬೇಕು ಅಂತ ಶಾಲೇಲಿ ಸಿಸ್ಟರ್ ಹೇಳಿದ್ದಾರೆ. ನಂಗೆ ಎರಡು ಹೆಸರಿದೆ. ಪುಟ್ಟಿ ಸಾಕು.”

“ಕೊಡ್ತೀನಿ” ಎಂದರು ನಿಧಾನಪ್ಪ. ಬುರುಡೆ ಬಿಡದ ಮನುಷ್ಯ ಕೊಡುತ್ತೇನೆ ಎಂದಮೇಲೆ ಮುಗಿಯಿತು. ಮಧ್ಯಾಹ್ನ ಆ ತಾತನ ಪೆಟ್ಟಿಗೆಯ ಮೇಲೆ, ತಲೆಯ ಕಡೆಗೆ, ಲೇಬಲ್ ಅಂಟಿಸಿ ಹೆಬ್ಬೆರಳಿನಿಂದ ನಾಲ್ಕೂ ಮೂಲೆ ಒತ್ತಿದರು.

ಸ್ಮಶಾನದ ಕಾವಲುಗಾರ ಬರೆದಿದ್ದನ್ನು ಮಾತ್ರ ನಂಬುವ ಮನುಷ್ಯ. ಕನ್ನಡಕ ಏರಿಸಿ ಲೇಬಲ್ ಓದಿದ, ರಿಜಿಸ್ಟರ್ ತೆರೆದ.

“ಅದು ಬರ್ಕೋಬೇಡಪ್ಪ” ಎಂದರು ನಿಧಾನಪ್ಪ. “ಒಂದು ಮಗು ಕೊಟ್ಟಿದ್ದು.”

“ಯಾರಾದ್ರೂ ಕೊಟ್ಟಿರ್ಲಿ, ಅಂಟಿದೆಯಲ್ಲ” ಎಂದು ಅವನು ಬರೆದುಕೊಂಡ.

ಇದರ ಮೊದಲ ಫಲ ತರಗತಿಯಲ್ಲಿ ಕಾಣಿಸಿಕೊಂಡಿತು. ಹಾಜರಿ ಕೂಗಿದಾಗ ಹದಿನೇಳನೇ ನಂಬರು ತುಟಿ ಪಿಟಕ್ಕೆನ್ನಲಿಲ್ಲ. ಒಂದು ದಿನವಲ್ಲ, ನಾಲ್ಕು ದಿನ. “ಇಲ್ಲೇ ಕೂತಿದೀಯಲ್ಲೇ, ಯೆಸ್ ಅನ್ನೋಕೇನು?” ಎಂದು ಮಿಸ್ ಕೇಳಿದರೆ, “ಅದು ನಾನಲ್ಲ ಮಿಸ್. ಅವರು ಈಗ ದೇವರ ಕ್ಲಾಸಲ್ಲಿದ್ದಾರೆ” ಎಂಬ ಉತ್ತರ.

ಎರಡನೆಯ ಫಲ ಅಂಚೆಯಲ್ಲಿ ಬಂತು. ನಗರಸಭೆಯಿಂದ ಶಾಲೆಗೆ ಪತ್ರ: ‘ತಮ್ಮ ಸಂಸ್ಥೆಯ ಒಂದನೇ ತರಗತಿ ಬಿ ವಿಭಾಗದ ಹದಿನೇಳನೇ ಕ್ರಮಸಂಖ್ಯೆಯ ವಿದ್ಯಾರ್ಥಿನಿ, ಪುರುಷ, ವಯಸ್ಸು ಸುಮಾರು ಎಪ್ಪತ್ತೈದು, ಇವರು ವಾರಸುದಾರರಿಲ್ಲದೆ ಮೃತಪಟ್ಟಿದ್ದು, ಸದರಿಯವರ ಜನ್ಮ ದಿನಾಂಕವನ್ನು ಶಾಲಾ ದಾಖಲೆಗಳಿಂದ ದೃಢೀಕರಿಸಿ ಕಳುಹಿಸತಕ್ಕದ್ದು.’

ಶಾಲೆಯ ಮುಖ್ಯಸ್ಥೆ ಹಿರಿಯ ಸಿಸ್ಟರ್ ನನಗೂ ಪಾಠ ಹೇಳಿದವರು. ಅದೇ ಕಾನ್ವೆಂಟು, ಅದೇ ಗಂಟೆ, ಅದೇ ಹುಬ್ಬು. ಫೋನ್ ಮಾಡಿ ಕರೆಸಿಕೊಂಡರು.

“ನಿನ್ನ ಮಗಳ ವಯಸ್ಸೆಷ್ಟು?”

“ಆರು, ಸಿಸ್ಟರ್.”

“ಇವರು ಎಪ್ಪತ್ತೈದು ಅಂತಾರೆ. ಅವಳ ಹೋಂವರ್ಕ್ ಅಕ್ಷರ ನಡುಗೋದು ನೋಡಿ ಯಾರೋ ವಯಸ್ಸಾದವರು ಬರ್ಕೊಡ್ತಿದ್ದಾರೆ ಅಂತ ನಂಗೂ ಅನುಮಾನ ಇತ್ತು.”

ನಾನು ನಕ್ಕೆ. ಅವರು ನಗಲಿಲ್ಲ. ವಿಷಯ ಆಗಲೇ ಬೀದಿಗೆ ಬಿದ್ದಿತ್ತು. ಟೈ ಅಪ್ಪನಿಗೆ ಅಪ್ಪನ ಹೆಸರೆತ್ತದೆ ದೂರು ಕೊಡಲು ದಾರಿ ಸಿಕ್ಕಿತ್ತು. ಹೆಣದ ಗಾಡಿಯವರು ಮಕ್ಕಳ ಗಾಡಿ ಓಡಿಸಬಾರದು ಎಂದು ಅವರು ಬರೆದ ಅರ್ಜಿಗೆ ಐದು ಸಹಿ ಬಿದ್ದಿದ್ದವು. ಶನಿವಾರ ಸಭೆ. ಒಪ್ಪಿಗೆಯಾದರೆ ಸೋಮವಾರದಿಂದ ಬೇರೆ ಡ್ರೈವರ್.

ಶುಕ್ರವಾರ ಸಂಜೆ ನಾನು ನಿಧಾನಪ್ಪನವರ ಮನೆಗೆ ಹೋದೆ. ಎರಡು ಕೋಣೆ, ಗೋಡೆಗೆ ಎರಡು ಮೊಳೆ, ಒಂದೊಂದಕ್ಕೆ ಒಂದೊಂದು ಅಂಗಿ: ಹಳದಿ, ಬಿಳಿ. ಅವರು ಮಾತಾಡಲಿಲ್ಲ, ಹೆಂಡತಿ ಅವರ ಪಾಲಿನದನ್ನೂ ಸೇರಿಸಿ ಮಾತಾಡಿದರು.

“ನೋಡಮ್ಮ, ಈ ಮಕ್ಕಳ ಗಾಡಿ ಸಿಗೋ ಮುಂಚೆ ಇವರು ಮನೇಲೂ ಪಿಸುಪಿಸು ಅಂತಿದ್ರು. ಊಟಕ್ಕೆ ಉಪ್ಪು ಕಮ್ಮಿ ಅನ್ನೋದನ್ನೂ ಸಂತಾಪ ಸೂಚಿಸೋ ಥರ ಹೇಳ್ತಿದ್ರು. ಈಗ ದಿನಾ ಬಂದು, ಆ ಹುಡುಗಿ ಹೀಗೆ ಕೇಳಿದ್ಲು, ಈ ಹುಡುಗ ಹಾಗೆ ಕೇಳ್ದ ಅಂತ ಬಾಯಿ ತುಂಬ ಹೇಳ್ತಾರೆ. ನಿಮ್ಮ ಮಕ್ಕಳು ಪ್ರಾಣ ತಿಂತಾರೆ, ನಿಜ. ಇವರ ಇನ್ನೊಂದು ಗಾಡೀಲಿ ಪ್ರಾಣ ಇರೋರೇ ಇಲ್ವಲ್ಲ.”

ನಿಧಾನಪ್ಪ ಆಗ ಒಂದೇ ಮಾತು ಹೇಳಿದರು. “ಬೆಳಗ್ಗೆ ಈ ಮಕ್ಕಳಿಲ್ದಿದ್ರೆ, ಮೇಡಂ, ಮಧ್ಯಾಹ್ನದವರ ಹತ್ರ ನಾನೇ ಮಾತಾಡೋಕೆ ಶುರು ಮಾಡ್ತೀನಿ.”

“ಆಗಲೇ ಶುರು ಮಾಡಿದೀರಲ್ರೀ” ಎಂದರು ಹೆಂಡತಿ, “ನೀರಿನ ಬಾಟ್ಲಿ ಅಂತ.”

ಸಭೆ ನಡೆದದ್ದು ಒಂದನೇ ಕ್ಲಾಸಿನ ಕೋಣೆಯಲ್ಲಿ. ದೊಡ್ಡವರೆಲ್ಲ ಮಕ್ಕಳ ಕುರ್ಚಿಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದೆವು. ಆ ಭಂಗಿಯಲ್ಲಿ ಯಾರಿಗೂ ಜಾಸ್ತಿ ಹೊತ್ತು ಗಾಂಭೀರ್ಯ ಕಾಪಾಡಿಕೊಳ್ಳಲು ಬರುವುದಿಲ್ಲ. ಟೈ ಅಪ್ಪ ಮಾತ್ರ ಕಾಪಾಡಿಕೊಂಡರು. ನಿಧಾನಪ್ಪ ಹಳದಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದು ಕಪ್ಪು ಹಲಗೆಯ ಪಕ್ಕ ನಿಂತಿದ್ದರು, ಲೆಕ್ಕ ತಪ್ಪಿದ ಹುಡುಗನ ಹಾಗೆ.

“ಇವರು ಒಳ್ಳೆಯವರೇ ಇರಬಹುದು” ಎಂದರು ಟೈ ಅಪ್ಪ. “ಆದರೆ ನಮ್ಮ ಮಕ್ಕಳ ತಲೇಲಿ ಸಾವು ತುಂಬ್ತಿದ್ದಾರೆ. ಆರು ವರ್ಷದ ಮಗು ತನ್ನ ಹೆಸರನ್ನ ಹೆಣಕ್ಕೆ ಕೊಟ್ಟು ಬರೋದು ಅಂದ್ರೇನು? ಏನೇನು ಹೇಳಿಕೊಟ್ಟಿದ್ದಾರೋ.”

“ಕೇಳೇ ಬಿಡೋಣ” ಎಂದು ಸಿಸ್ಟರ್ ಅಂಗಳದಲ್ಲಿ ಆಡುತ್ತಿದ್ದ ಪುಟ್ಟಿಯನ್ನೂ ಗುಂಡನನ್ನೂ ಒಳಗೆ ಕರೆದರು. “ಮಾಮ ನಿಮಗೆ ಸತ್ತವರ ಬಗ್ಗೆ ಏನು ಹೇಳಿಕೊಟ್ಟಿದ್ದಾರೆ?”

ಪುಟ್ಟಿ ಬೆರಳು ಮಡಚಿದಳು. “ಬೆಲ್ಟ್ ಹಾಕ್ತಾರೆ. ವಾಂತಿ ಮಾಡಲ್ಲ. ಕಿಟಕಿಗೆ ಜಗಳ ಆಡಲ್ಲ.”

“ಆಮೇಲೆ?”

“ಆಮೇಲೆ ಎಲ್ಲಾ ಗೊತ್ತಿಲ್ಲ.”

“ನಿನಗೆ ಗೊತ್ತಿಲ್ವಾ?”

“ಮಾಮಂಗೆ ಗೊತ್ತಿಲ್ಲ. ನಾವು ಏನು ಕೇಳಿದ್ರೂ ಗೊತ್ತಿಲ್ಲ ಅಂತಾರೆ. ನಮ್ಮಮ್ಮಂಗೆ ಎಲ್ಲಾ ಗೊತ್ತು, ಆದ್ರೆ ಒಂದೊಂದು ದಿನ ಒಂದೊಂದು ಹೇಳ್ತಾಳೆ.”

ಈಗ ಚಪ್ಪಲಿ ನೋಡಿಕೊಳ್ಳುವ ಸರದಿ ನನ್ನದಾಯಿತು.

ಗುಂಡ ಅಷ್ಟರಲ್ಲಿ ಕಪ್ಪು ಹಲಗೆಯ ಹತ್ತಿರ ಹೋಗಿದ್ದ. “ಮಾಮ, ಗಾಡಿ ನಿಂತಿದೆಯಾ?”

ನಿಧಾನಪ್ಪ ಕಿಟಕಿಯಿಂದ ಬಗ್ಗಿ ನೋಡಿದರು. ಹಳದಿ ವ್ಯಾನು ಗೇಟಿನ ಹತ್ತಿರ ನಿಂತಿತ್ತು. “ನಿಂತಿದೆ ಕಂದ.”

“ನಮ್ಮಜ್ಜ ನಿಮ್ಮ ಇನ್ನೊಂದು ಗಾಡೀಲಿ ಹೋದ್ರಾ?”

ಕೋಣೆಯಲ್ಲಿ ಒಂದು ಕುರ್ಚಿ ಕಿರುಗುಟ್ಟಿತು. ಯಾರದೆಂದು ನೋಡಬೇಕಾಗಿರಲಿಲ್ಲ. ಹೌದು ಎಂದರೆ ಟೈ ಅಪ್ಪನ ಮಾನ ಹೋಗುತ್ತದೆ, ಅದರ ಜೊತೆಗೆ ಹಳದಿ ಅಂಗಿಯೂ ಹೋಗುತ್ತದೆ. ಇಲ್ಲ ಎಂದರೆ ಕೆಲಸ ಉಳಿಯಬಹುದು, ಬುರುಡೆ ಬಿಡಬಾರದೆಂಬ ಕಾನೂನು ಮುರಿಯುತ್ತದೆ. ನಿಧಾನಪ್ಪ ಬಗ್ಗಿ ಹುಡುಗನ ಕಾಲರ್ ಸರಿಮಾಡಿದರು.

“ಅದನ್ನ ಹೇಳಬೇಕಾದ್ದು ನಿಮ್ಮಪ್ಪ, ಕಂದ. ನಾನಲ್ಲ.”

ಟೈ ಅಪ್ಪ ಟೈ ಸಡಿಲ ಮಾಡಿಕೊಂಡರು. “ಯಾರು ಹೇಳಿದ್ರೋ ನಿಂಗೆ ಇದನ್ನ?”

“ಯಾರೂ ಇಲ್ಲ. ಕನ್ನಡಕ ಮನೇಲೇ ಇದೆಯಲ್ಲಪ್ಪ.”

ಆ ಪುಟ್ಟ ಕುರ್ಚಿಯಿಂದ ನೆಲಕ್ಕೆ ಜಾರುವುದು ಕಷ್ಟವೇನಲ್ಲ. ಅವರು ಜಾರಿ ಕೂತು ಮಗನ ಕೈ ಹಿಡಿದರು. “ಹೌದು ಕಣೋ. ಅಜ್ಜ ತೀರ್ಕೊಂಡ್ರು. ಆ ಗಾಡೀಲೇ ಹೋದ್ರು.”

ಗುಂಡ ಅಪ್ಪನ ಟೈಯ ತುದಿ ಹಿಡಿದುಕೊಂಡ. “ನಿಧಾನವಾಗಿ ಹೋದ್ರಾ?”

“ತುಂಬ ನಿಧಾನ.”

“ಇಳಿಸುವಾಗ?”

ಅವರು ತಲೆ ಎತ್ತಿ ನಿಧಾನಪ್ಪನನ್ನು ನೋಡಿದರು. ಸ್ಮಶಾನದಲ್ಲಿ ನೋಡಿದ ನೋಟವಲ್ಲ. “ತಳ್ಳಾಡಬೇಡಿ ಅಂದ್ರು. ನೀರಿನ ಬಾಟ್ಲಿ ಮರೀಬೇಡಿ ಅಂತಾನೂ ಅಂದ್ರು.”

“ನಮಗೂ ಹಾಗೇ ಅಂತಾರೆ” ಎಂದ ಗುಂಡ. ಅವನಿಗೆ ಸಮಾಧಾನವಾದಂತೆ ಕಂಡಿತು. ಅಪ್ಪನ ಹೆಗಲಿಗೆ ಮುಖ ಒತ್ತಿ ಎರಡು ಸಲ ಬಿಕ್ಕಿದ. ಆಮೇಲೆ ಮೂಗು ಒರೆಸಿಕೊಂಡು, “ಹಾಗಾದ್ರೆ ಅಷ್ಟೊಂದು ವಿಮಾನ ನೋಡಿದ್ದೆಲ್ಲ ವೇಸ್ಟಾ?” ಎಂದು ಕೇಳಿದ.

ಅರ್ಜಿಯನ್ನು ಟೈ ಅಪ್ಪ ತಾವೇ ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. “ಒಂದು ವಿಷಯ” ಎಂದರು ಹೋಗುವಾಗ, ನಿಧಾನಪ್ಪನಿಗೆ ಮಾತ್ರ ಕೇಳುವ ಹಾಗೆ. ಹಿಂದೆಯೇ ಇದ್ದ ನನಗೂ ಕೇಳಿತು. “ಬಾಟ್ಲಿ ವಿಷಯ ಬೆಳಗ್ಗೆ ಮಾತ್ರ ಇರ್ಲಿ.”

“ಪ್ರಯತ್ನ ಮಾಡ್ತೀನಿ ಸಾರ್” ಎಂದರು ನಿಧಾನಪ್ಪ. ಖಂಡಿತ ಎನ್ನಲಿಲ್ಲ.

ಉಳಿದದ್ದು ಹದಿನೇಳನೇ ನಂಬರಿನ ವಿಷಯ. ಹೆಸರು ವಾಪಸ್ ತಗೋ ಎಂದರು ಸಿಸ್ಟರ್. ಕೊಟ್ಟಿದ್ದನ್ನ ವಾಪಸ್ ಕೇಳಬಾರದು ಅಂತ ನೀವೇ ಹೇಳಿದ್ದು ಎಂದಳು ಪುಟ್ಟಿ. ನಲವತ್ತು ವರ್ಷ ಪಾಠ ಹೇಳಿದವರು ತಮ್ಮ ಪಾಠಕ್ಕೆ ತಾವೇ ಸಿಕ್ಕಿಬಿದ್ದದ್ದನ್ನು ನಾನು ಕಣ್ತುಂಬ ನೋಡಿದೆ. ಈಗ ರಿಜಿಸ್ಟರಿನಲ್ಲಿ ‘ಪುಟ್ಟಿ’ ಎಂದೇ ಇದೆ. ಸೋಮವಾರದಿಂದ ಅವಳು ಗಂಟಲು ಹರಿಯುವಂತೆ ಯೆಸ್ ಎನ್ನುತ್ತಿದ್ದಾಳೆ.

ಸಭೆಯ ದಿನ ಎಲ್ಲರೂ ಹೋದ ಮೇಲೆ ನಾನು ಗೇಟಿನಲ್ಲಿ ಪುಟ್ಟಿಯ ಚಪ್ಪಲಿ ಹುಡುಕುತ್ತಿದ್ದೆ. ನಿಧಾನಪ್ಪ ವ್ಯಾನ್ ಏರಿ ಕೂತಿದ್ದರು. ಸಿಸ್ಟರ್ ಮೆಟ್ಟಿಲಿಳಿದು ಬಂದು, ಆ ಕಡೆ ಈ ಕಡೆ ನೋಡಿ, ಕಿಟಕಿಯ ಹತ್ತಿರ ನಿಂತರು.

“ಗಾಡಿ ನಿಂತಿದೆ ತಾನೆ?”

“ನಿಂತಿದೆ ಸಿಸ್ಟರ್.”

“ಹಾಗಾದ್ರೆ ನಂದೊಂದು ಪ್ರಶ್ನೆ.” ದನಿ ತಗ್ಗಿಸಿದರು. ಸ್ವರ್ಗದ ನಕ್ಷೆಯನ್ನು ನಮಗೆಲ್ಲ ಬೀದಿ ಬೀದಿಯಾಗಿ ವಿವರಿಸಿದ್ದ ದನಿ ಅದು. “ಇಷ್ಟು ವರ್ಷ, ಇಷ್ಟು ಜನರನ್ನ ಬಿಟ್ಟು ಬಂದಿದೀರಿ. ನಮ್ಮಲ್ಲಿ ಯಾರೂ ನಿಮ್ಮಷ್ಟು ಹತ್ತಿರ ಹೋಗಿಲ್ಲ. ಅಲ್ಲಿಂದ ಮುಂದೆ ಏನಿದೆ ಅಂತ ನಿಮಗನ್ನಿಸುತ್ತೆ?”

ನಾನು ಚಪ್ಪಲಿ ಹುಡುಕುವುದನ್ನು ನಿಲ್ಲಿಸಿದೆ. ನಿಧಾನಪ್ಪ ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡರು.

“ನಾನು ಗೇಟಿನವರೆಗೆ ಮಾತ್ರ ಹೋಗೋದು, ಸಿಸ್ಟರ್” ಎಂದರು. “ಒಳಗೆ ಗಾಡಿ ತಿರುಗಿಸೋಕೆ ಜಾಗ ಇಲ್ಲ.”